ವಾರಂಟಿಯಲ್ಲಿ ಚಾಸಿ ಬದಲಿಸಲು ಪಿಕಪ್ ಕೊಡುವ ಮೊದಲು

ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಮನೆಯ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಪಿಕಪ್ಪಿನ ಅಡಿಗೆ ನುಸುಳಿದ್ದೆ. ಕೈಯಲ್ಲಿ ಚಿಕ್ಕ ಸುತ್ತಿಗೆ. ಮುಂದಿನ ಚಕ್ರದ ಹತ್ತಿರ ಚಾಸಿಗೆ, ಅಂದರೆ ಇಡೀ ಗಾಡಿಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬಡಿದರೆ ಟಣ್ ಅಂತ ಗಂಟೆಯಂಥ ಸದ್ದು. ಒಂದೊಂದೇ ಗೇಣು ಹಿಂದಕ್ಕೆ ಸರಿಯುತ್ತ ಬಡಿಯುತ್ತ ಬಂದೆ. ಹಿಂದಿನ ಸ್ಪ್ರಿಂಗ್ ಪಟ್ಟಿಯ ಮುಂಬದಿಯ ಕೊಂಡಿ ಕೂರುವ ಜಾಗದಲ್ಲಿ ಸದ್ದು ಧಪ್ ಅಂತ ಸತ್ತುಹೋಯಿತು. ಇನ್ನೊಂದು ಪೆಟ್ಟಿಗೆ ಅಂಗೈ ಅಗಲದ ತುಕ್ಕಿನ ಪದರ ಕಳಚಿ ಎದೆಯ ಮೇಲೆ ಬಿತ್ತು. ಬಗ್ಗಿ ನೋಡುತ್ತಿದ್ದ ಯಜಮಾನರು ಅದನ್ನೆತ್ತಿ ಬೆರಳಲ್ಲೇ ಮುರಿದು, “ತಮಾ, ಇದು ಹಲಸಿನ ಹಪ್ಪಳ ಆಗೋಜಲಾ!” ಅಂದರು.

ಆ ಗಾಡಿಗೆ ಕಂಪನಿ ಹೊಸ ಚಾಸಿ ಕೊಡಲು ಒಪ್ಪಿತು. ಆದರೆ ಗಾಡಿ ಕಂಪನಿಯಿಂದ ಬಂದ ಹಾಗೆ ಉಳಿದಿರಲಿಲ್ಲ. ಹಿಂದೆ ಎರಡು ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ, ಮುಂದೆ ಎರಡು ಇಂಚು ಎತ್ತರಿಸಿದ ಸಸ್ಪೆನ್ಷನ್, ಚಾಸಿಗೇ ವೆಲ್ಡಿಂಗ್ ಮಾಡಿದ ಟ್ರೇಲರ್ ಹುಕ್ಕು, ಮುಂದೊಂದು ಕಬ್ಬಿಣದ ಗಾರ್ಡು, ಹಗ್ಗ ಸುತ್ತಿ ಎಳೆಯುವ ವಿಂಚ್, ಔಷಧಿ ಹೊಡೆಯುವ ಪಂಪಿಗೆ ಬ್ಯಾಟರಿಯಿಂದ ಎಳೆದ ದಪ್ಪ ವೈರು, ಕಾಲು ಇಡುವ ಪೈಪು, ಮೇಲೆ ಕ್ಯಾರಿಯರ್. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪಿಕಪ್ ಅಂದರೆ ಸಾಮಾನ್ಯವಾಗಿ ಹೀಗೇ. ಇಂಥ ಗಾಡಿಯನ್ನು ಹೇಗಿದೆಯೋ ಹಾಗೇ ಶೋರೂಮಿಗೆ ಒಯ್ದು ಬಿಟ್ಟರೆ ಏನಾಗುತ್ತದೆ ಅಂತ ನನ್ನ ಸ್ವಂತ ಗಾಡಿಯಲ್ಲೇ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಾಸಿ ಕಂಪನಿಯದು, ಅದರ ಮೇಲೆ ನೀವು ಹತ್ತಿಸಿದ್ದೆಲ್ಲ ನಿಮ್ಮದು. ನಿಮ್ಮದನ್ನು ನೀವೇ ಬಿಚ್ಚಿ, ಲೆಕ್ಕ ಬರೆದಿಟ್ಟು, ಗಾಡಿಯನ್ನು ಅದರ ಮೂಲ ರೂಪಕ್ಕೆ ತಂದು ಕೊಟ್ಟರೆ ಕೆಲಸ ಸುಸೂತ್ರವಾಗುತ್ತದೆ.

ಮೊದಲು ಚಾಸಿ ನೋಡಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಗಾಡಿಗಳಿಗೆ ಉಪ್ಪು ಗಾಳಿಯ ಕಾಟ. ಬೈತಖೋಲಿನಿಂದಲೋ ತದಡಿಯಿಂದಲೋ ಮೀನು ತುಂಬುವ ಗಾಡಿಯಾದರೆ ಐಸ್ ಕರಗಿದ ನೀರು ನೇರ ಚಾಸಿಯ ಮೇಲೆಯೇ ಇಳಿಯುತ್ತದೆ. ಸಾಣಿಕಟ್ಟಾದ ಉಪ್ಪು ಸಾಗಿಸುವ ಗಾಡಿಯ ಕಥೆ ಹೇಳಲೇ ಬೇಡಿ. ಘಟ್ಟದ ಮೇಲೆ ಕೆಮ್ಮಣ್ಣು. ಪೆಟ್ಟಿಗೆಯಾಕಾರದ ಚಾಸಿಯ ಒಳಗೆ ಸೇರಿದ ನೀರು ಹರಿದುಹೋಗಲಿ ಅಂತ ಅಡಿಯಲ್ಲಿ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಒಂದೇ ಮಳೆಗಾಲದಲ್ಲಿ ಕೆಮ್ಮಣ್ಣು ಅವನ್ನು ಬೆಣೆ ಹೊಡೆದ ಹಾಗೆ ಮುಚ್ಚಿಬಿಡುತ್ತದೆ. ಒಳಗೆ ನಿಂತ ನೀರು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡಷ್ಟೇ ಉಳಿದಿರುತ್ತದೆ.

ತೋಟದ ಗಾಡಿಗಳಿಗೆ ಇನ್ನೊಂದು ಶತ್ರು ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕುವುದು ನಿಮಗೆಲ್ಲ ಗೊತ್ತಿರುವ ಲೆಕ್ಕ. ಸುಣ್ಣ ಸೇರಿಸುವ ಮೊದಲು ಆ ಮೈಲುತುತ್ತದ ನೀರು ಡ್ರಮ್ಮಿನಿಂದ ತುಳುಕಿ ಕಬ್ಬಿಣದ ಮೇಲೆ ಬಿದ್ದರೆ ತಾಮ್ರ ಅಲ್ಲೇ ಕೂತು, ಸುತ್ತಲಿನ ಕಬ್ಬಿಣ ಬೇಗ ಕರಗತೊಡಗುತ್ತದೆ. ಹಿಂದಿನ ಬಾಡಿಯಲ್ಲಿ ಡ್ರಮ್ ನಿಲ್ಲಿಸುವ ಜಾಗದ ಕೆಳಗಿನ ಚಾಸಿಯನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿ.

ಮೇಲುಮೇಲಿನ ತುಕ್ಕಿಗೆ ಯಾವ ಕಂಪನಿಯೂ ಚಾಸಿ ಕೊಡುವುದಿಲ್ಲ. ತೂತು ಬಿದ್ದಿರಬೇಕು. ಅಮೆರಿಕದಲ್ಲಿ ಟೊಯೊಟಾ ಪಿಕಪ್ಪುಗಳ ಚಾಸಿ ತುಕ್ಕಿನ ದೊಡ್ಡ ಪ್ರಕರಣ ನಡೆಯಿತು. 2005ರಿಂದ 2010ರವರೆಗಿನ ಟಕೋಮಾ, 2007–08ರ ಟುಂಡ್ರಾ, 2005ರಿಂದ 2008ರವರೆಗಿನ ಸಿಕೋಯಾ, ಹೀಗೆ ಸುಮಾರು 15 ಲಕ್ಷ ಗಾಡಿಗಳು. 2016ರಲ್ಲಿ ಆದ ರಾಜಿಯ ಮೊತ್ತ 340 ಕೋಟಿ ಡಾಲರ್‌ವರೆಗೆ ಹೋಗಬಹುದು ಅಂತ ಅಂದಾಜು ಮಾಡಿದ್ದರು, ಒಂದು ಗಾಡಿಯ ಚಾಸಿ ಬದಲಿಗೆ ಸುಮಾರು 15,000 ಡಾಲರ್ ಲೆಕ್ಕದಲ್ಲಿ. ಅಲ್ಲಿ ಹಿಡಿದ ಅಳತೆ 10 ಮಿಲಿಮೀಟರಿನ ತೂತು. ಆ ರಾಜಿ ನಮಗೆ ಅನ್ವಯಿಸುವುದಿಲ್ಲ, ಆದರೆ ಕಂಪನಿಗಳು ಯಾವ ಕಣ್ಣಿನಿಂದ ನೋಡುತ್ತವೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ. ನಿಮ್ಮ ಗಾಡಿಗೆ ಅನ್ವಯಿಸುವುದು ನಿಮ್ಮ ವಾರಂಟಿ ಪುಸ್ತಕ. ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ತುಕ್ಕು ಹಿಡಿದು ತೂತಾಗುವುದಕ್ಕೆ ಬೇರೆ ಅವಧಿ ಇದೆಯೇ, ಯಾವ ಕಾರಣದ ತುಕ್ಕನ್ನು ಹೊರಗಿಟ್ಟಿದ್ದಾರೆ, ಇಷ್ಟನ್ನು ಕೂತು ಓದಿ.

ಸುತ್ತಿಗೆ ಬಡಿಯುವಾಗ ಜೋರು ಬೇಡ, ತೆಂಗಿನಕಾಯಿ ಬಲಿತಿದೆಯೇ ಅಂತ ಬೆರಳಲ್ಲಿ ತಟ್ಟಿ ನೋಡುವ ಹದ ಸಾಕು. ಸದ್ದು ಸತ್ತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಸ್ಕ್ರೂಡ್ರೈವರ್ ಚುಚ್ಚಿ ತೂತನ್ನು ದೊಡ್ಡದು ಮಾಡುವ ಕೆಲಸಕ್ಕೆ ಹೋಗಬೇಡಿ. ಪರೀಕ್ಷೆಗೆ ಬರುವವರಿಗೆ ಹೊಸ ಗಾಯ ಯಾವುದು, ಹಳೆಯದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಬಳಿದುಕೊಂಡು ಹೋಗುವುದೂ ತಪ್ಪು. ನಿಮಗೆ ಬೇಕಾದ ಸಾಕ್ಷಿಯನ್ನು ನೀವೇ ಮುಚ್ಚಿದ ಹಾಗಾಗುತ್ತದೆ.

ಪಾನಾ ಹಿಡಿಯುವ ಮೊದಲು ಕಾಗದ

ಚಾಸಿ ಮಂಜೂರಾಗಿದೆ ಅಂತ ಫೋನಿನಲ್ಲಿ ಹೇಳಿದರೆ ಸಾಲದು. ಪತ್ರದಲ್ಲೋ ಇ-ಮೇಲ್‌ನಲ್ಲೋ ಬರೆಸಿಕೊಳ್ಳಿ. ಅದರಲ್ಲಿ ಚಾಸಿಯ ಜೊತೆ ಏನೇನು ಹೊಸದು ಬರುತ್ತದೆ ಅನ್ನುವುದು ಸ್ಪಷ್ಟವಿರಲಿ. ಕ್ಯಾಬಿನ್ ಕೂರುವ ರಬ್ಬರ್, ಬ್ರೇಕ್ ಪೈಪು, ಡೀಸೆಲ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಸ್ಪ್ರಿಂಗ್ ಪಟ್ಟಿಯನ್ನು ಆಕ್ಸೆಲ್ಲಿಗೆ ಬಿಗಿಯುವ ಯು ಬೋಲ್ಟು, ಸ್ಪ್ರಿಂಗ್ ಬುಷ್, ಇವೆಲ್ಲ ಹಳೆಯ ಚಾಸಿಯ ಜೊತೆ ತುಕ್ಕು ಹಿಡಿದೇ ಇರುತ್ತವೆ. ಬಿಚ್ಚುವಾಗ ಬಹುಪಾಲು ಮುರಿಯುತ್ತವೆ. ಮುರಿದದ್ದು ಯಾರ ಖರ್ಚು? ಇದನ್ನು ಮೊದಲೇ ಕೇಳದಿದ್ದರೆ ಗಾಡಿ ಎತ್ತಿ ನಿಲ್ಲಿಸಿದ ಮೇಲೆ ಫೋನು ಬರುತ್ತದೆ, ಆಗ ನಿಮಗೆ ಹೌದು ಅನ್ನದೆ ಬೇರೆ ದಾರಿ ಇರುವುದಿಲ್ಲ.

ಎರಡನೆಯದು ಚಾಸಿ ನಂಬರು. ನಮ್ಮಲ್ಲಿ ಇದೇ ದೊಡ್ಡ ವಿಷಯ. ಆರ್‌ಸಿಯಲ್ಲಿರುವ ನಂಬರು ಕೆತ್ತಿರುವುದು ನೀವು ಬಿಟ್ಟುಕೊಡಲಿರುವ ಅದೇ ಕಬ್ಬಿಣದ ಮೇಲೆ. ಹೊಸ ಚಾಸಿಯ ಮೇಲೆ ಯಾವ ನಂಬರು, ಅದನ್ನು ಯಾರು ಕೆತ್ತುತ್ತಾರೆ, ಆರ್‌ಸಿಯಲ್ಲಿ ಹೇಗೆ ದಾಖಲಾಗುತ್ತದೆ ಅಂತ ಕೆಲಸ ಶುರುವಾಗುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಕೆಎ 30 ಆದರೆ ಕಾರವಾರ, 31 ಆದರೆ ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಹಳೆಯ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆ ಪೆನ್ಸಿಲ್ ಪ್ರಿಂಟನ್ನು ಎರಡು ಪ್ರತಿ ತೆಗೆದಿಟ್ಟುಕೊಳ್ಳಿ. ಹಳೆಯ ಚಾಸಿಯನ್ನು ಕಂಪನಿ ವಾಪಸ್ ತೆಗೆದುಕೊಂಡ ಮೇಲೆ ಆ ಪ್ರಿಂಟ್ ಮತ್ತೆ ಸಿಗುವುದಿಲ್ಲ. ಬದಲಾವಣೆ ಮಾಡಿದ್ದಕ್ಕೆ ಕಂಪನಿಯ ಪತ್ರ, ಶೋರೂಮಿನ ಬಿಲ್ಲು, ಎರಡೂ ಬೇಕು. ಬಾಡಿಗೆ ಓಡಿಸುವ ಹಳದಿ ಬೋರ್ಡಿನ ಗಾಡಿಯಾದರೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ, ಮಾಡಿಸಲೇಬೇಕು. ಅಲ್ಲಿ ಮೊದಲು ನೋಡುವುದೇ ಚಾಸಿ ನಂಬರು. ಸಾಲದ ಮೇಲೆ ತೆಗೆದ ಗಾಡಿಯಾದರೆ ಬ್ಯಾಂಕಿಗೂ, ಹೇಗಿದ್ದರೂ ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಇನ್ನು ಮಾಡಿಸಿಕೊಂಡ ಬದಲಾವಣೆಗಳ ವಿಚಾರ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಮುಂದೆ ಹಾಕುವ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಆದ್ದರಿಂದ ಮತ್ತೆ ಹಾಕಿಕೊಳ್ಳುವಂಥದ್ದು ಯಾವುದು, ಬಿಟ್ಟೇ ಬಿಡುವಂಥದ್ದು ಯಾವುದು ಅಂತ ಯೋಚಿಸಲು ಇದೇ ಸಮಯ.

“ನೀವು ಗಾಡಿ ಮಾಡಿಫೈ ಮಾಡಿದ್ದೀರಿ, ವಾರಂಟಿ ಇಲ್ಲ” ಅಂತ ಕೌಂಟರಿನಲ್ಲಿ ಯಾರಾದರೂ ಅಂದರೆ ಜಗಳಕ್ಕೆ ಹೋಗಬೇಡಿ. ಯಾವ ಬದಲಾವಣೆಯಿಂದ ಯಾವ ಜಾಗದಲ್ಲಿ ತುಕ್ಕು ಬಂತು, ವಾರಂಟಿಯ ಯಾವ ಷರತ್ತಿನ ಪ್ರಕಾರ ಇಲ್ಲ ಅನ್ನುತ್ತಿದ್ದೀರಿ ಅಂತ ಬರಹದಲ್ಲಿ ಕೇಳಿ. ಸ್ಟಿಯರಿಂಗ್ ಹತ್ತಿರ ಹಾಕಿದ ಮ್ಯೂಸಿಕ್ ಸಿಸ್ಟಮ್ಮಿಗೂ ಹಿಂದಿನ ಚಾಸಿಯ ತೂತಿಗೂ ಸಂಬಂಧವಿಲ್ಲ. ಆದರೆ ಚಾಸಿಗೆ ವೆಲ್ಡಿಂಗ್ ಮಾಡಿಸಿದ ಜಾಗದಲ್ಲೇ ತೂತಾಗಿದ್ದರೆ ಅವರ ಮಾತಿನಲ್ಲಿ ಅರ್ಥವಿದೆ, ಒಪ್ಪಿಕೊಳ್ಳಬೇಕು. ಕಾರಣವಿಲ್ಲದೆ ತಳ್ಳಿಹಾಕಿದರೆ ಗ್ರಾಹಕರ ಸಹಾಯವಾಣಿ 1915 ಇದೆ, ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿ ನಿಮ್ಮ ಪರ ಮಾತಾಡುವುದು ಆ ಬರಹವೇ.

ಬೋಲ್ಟು, ವೆಲ್ಡು, ವೈರು

ಒಂದು ನೋಟ್‌ಬುಕ್ ತೆಗೆದುಕೊಂಡು ಗಾಡಿಯ ಸುತ್ತ ಒಂದು ಸುತ್ತು, ಅಡಿಯಲ್ಲಿ ಒಂದು ಸುತ್ತು ಹಾಕಿ. ಕಂಪನಿಯದಲ್ಲದ ಪ್ರತಿಯೊಂದನ್ನೂ ಬರೆಯಿರಿ. ಬರೆಯುವಾಗ ಪಕ್ಕದಲ್ಲಿ ಒಂದು ಗುರುತು: ಬೋಲ್ಟಿನಲ್ಲಿ ಕೂತಿದೆಯೇ, ವೆಲ್ಡಿಂಗ್ ಆಗಿದೆಯೇ, ವೈರು ಇದೆಯೇ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಬೋಲ್ಟಿನವು ಸುಲಭ, ಬಿಚ್ಚಿ ತೆಗೆದಿಡಬಹುದು. ವೆಲ್ಡಿಂಗ್ ಆದದ್ದು ಹಳೆಯ ಚಾಸಿಯ ಜೊತೆಗೇ ಹೋಗುತ್ತದೆ. ಟ್ರೇಲರ್ ಹುಕ್ಕು, ಬಾಡಿ ಹಿಡಿಯಲು ಕೊಟ್ಟ ಆಂಗಲ್, ಸ್ಟೆಪ್ಪಿನ ತುಂಡು, ಇವನ್ನು ಉಳಿಸಿಕೊಳ್ಳುವ ಆಸೆ ಇದ್ದರೆ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆಯಬೇಕು. ಅದನ್ನೂ ಕಂಪನಿಯವರು ಪರೀಕ್ಷೆ ಮುಗಿಸಿ ಒಪ್ಪಿದ ಮೇಲೆ ಮಾತ್ರ ಮಾಡಿ, ಮೊದಲು ಬೇಡ.

ವೈರಿನ ಕೆಲಸಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ. ನನಗೆ ಪಾಠ ಆದದ್ದು ಇಲ್ಲೇ. ನನ್ನ ಪಿಕಪ್ಪಿನಲ್ಲಿ ಫಾಗ್ ಲೈಟು, ಹಿಂದಿನ ಕ್ಯಾಮೆರಾ, ಬಾಡಿಯೊಳಗಿನ ದೀಪ, ಟ್ರೇಲರಿನ ಸಾಕೆಟ್, ಎಲ್ಲದರ ವೈರೂ ಕಂಪನಿಯ ವೈರಿಂಗ್ ಕಟ್ಟಿನ ಜೊತೆ ಟೇಪು ಸುತ್ತಿಕೊಂಡು ಚಾಸಿಯ ಉದ್ದಕ್ಕೂ ಹೋಗಿತ್ತು. ನಾನು ಏನನ್ನೂ ಬಿಚ್ಚದೆ ಕೊಟ್ಟೆ. ವಾಪಸ್ ಬಂದಾಗ ನಾಲ್ಕೂ ತುಂಡಾಗಿ, ಒಂದರ ಕೆಂಪು ವೈರು ಬೋಳು ತುದಿಯಲ್ಲಿ ಚಾಸಿಯ ಅಡ್ಡಪಟ್ಟಿಗೆ ಒರಗಿ ಕೂತಿತ್ತು. ಫ್ಯೂಸು ಹೋಗಿದ್ದಕ್ಕೆ ಗಾಡಿ ಉಳಿಯಿತು. ಕೆಲಸ ಮಾಡಿದ ಹುಡುಗರನ್ನು ನಾನು ಬೈಯಲಿಲ್ಲ. ಅವರ ಕೈಯಲ್ಲಿದ್ದ ಕಂಪನಿಯ ನಕ್ಷೆಯಲ್ಲಿ ಆ ವೈರುಗಳೇ ಇಲ್ಲವಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಈಗ ನಾನು ಮಾಡುವುದು ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯುತ್ತೇನೆ. ಹೊರಗಿನಿಂದ ಸೇರಿಸಿದ ಪ್ರತಿ ವೈರನ್ನೂ ಬ್ಯಾಟರಿಯಿಂದ ದೀಪದವರೆಗೆ ಕೈಯಲ್ಲಿ ಹಿಡಿದೇ ಹಿಂಬಾಲಿಸುತ್ತೇನೆ. ಎರಡೂ ತುದಿಗೆ ಬಿಳಿ ಟೇಪು ಸುತ್ತಿ ಅದರ ಮೇಲೆ ಪೆನ್ನಿನಲ್ಲಿ ಬರೆಯುತ್ತೇನೆ: “ಪಂಪು, ಬ್ಯಾಟರಿ ಕಡೆ”, “ಪಂಪು, ಹಿಂದೆ ಎಡ”. ಟೇಪಿನ ಮೇಲೆ ಇನ್ನೊಂದು ಸುತ್ತು ಪಾರದರ್ಶಕ ಟೇಪು, ಇಲ್ಲದಿದ್ದರೆ ಗ್ರೀಸು ಕೈ ತಾಗಿ ಅಕ್ಷರ ಅಳಿಸುತ್ತದೆ. ಆಮೇಲೆ ಆ ವೈರನ್ನು ಪೂರ್ತಿ ಎಳೆದು ತೆಗೆದು, ಉಂಗುರದ ಹಾಗೆ ಸುತ್ತಿ, ಅದರ ಸ್ವಿಚ್ಚು, ರಿಲೇ, ಫ್ಯೂಸಿನ ಜೊತೆ ಒಂದೇ ಚೀಲದಲ್ಲಿ ಕಟ್ಟಿಡುತ್ತೇನೆ. ಕಂಪನಿಯ ವೈರನ್ನು ಸೀಳಿ ಜೋಡಿಸಿದ ಕಡೆ ಬೆಸುಗೆ ಹಾಕಿ ಸರಿಯಾಗಿ ಮುಚ್ಚುತ್ತೇನೆ.

ಬಿಚ್ಚುವ ವಾರ

ತುಕ್ಕು ಹಿಡಿದ ಬೋಲ್ಟಿಗೆ ಅವಸರ ಆಗುವುದಿಲ್ಲ. ಗಾಡಿ ಕೊಡುವ ಏಳೆಂಟು ದಿನ ಮೊದಲೇ, ನೀವು ಬಿಚ್ಚಬೇಕಾದ ಪ್ರತಿ ನಟ್ಟಿಗೂ ವೈರ್ ಬ್ರಷ್ ಹಾಕಿ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ದಿನಾ ಸಂಜೆ ಒಮ್ಮೆ ಸಿಂಪಡಿಸಿ, ಸುತ್ತಿಗೆಯಲ್ಲಿ ಎರಡು ಸಣ್ಣ ಪೆಟ್ಟು ಕೊಡಿ. ನಾಲ್ಕನೇ ದಿನಕ್ಕೆ ಬಹುತೇಕ ನಟ್ಟು ಮಾತು ಕೇಳುತ್ತವೆ. ಕೇಳದಿದ್ದರೆ ಗ್ರೈಂಡರ್. ಗ್ಯಾಸ್ ಕಟರನ್ನು ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ರಬ್ಬರ್ ಬುಷ್ಷಿನ ಹತ್ತಿರ ತರಲೇಬೇಡಿ.

ಕ್ಯಾರಿಯರ್, ವಿಂಚ್, ಸ್ಟೆಪ್ಪು, ಬಾಡಿಯ ಮೇಲಿನ ಮುಚ್ಚಳ ಇವೆಲ್ಲ ತೆಗೆಯಿರಿ. ಚಾಸಿ ಬದಲಿಸುವಾಗ ಕ್ಯಾಬಿನ್ನನ್ನು ಲಿಫ್ಟಿನಲ್ಲಿ ಎತ್ತುತ್ತಾರೆ, ಹಿಂದಿನ ಬಾಡಿಯನ್ನು ಬೇರೆ ಇಳಿಸುತ್ತಾರೆ. ಮೇಲೆ ಹೆಚ್ಚಿನ ಭಾರವಿದ್ದರೆ ಎತ್ತುವಾಗ ವಾಲುತ್ತದೆ.

ಸ್ಪ್ರಿಂಗ್ ಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಲೋಡು ಹೇರಿಕೊಂಡು ಹತ್ತುವ ಗಾಡಿಗೆ ಹೆಚ್ಚುವರಿ ಪಟ್ಟಿ ಹಾಕಿಸುವುದು ನಮ್ಮಲ್ಲಿ ವಾಡಿಕೆ. ಅದರಿಂದ ಹಿಂಭಾಗ ಎತ್ತರವಾಗುತ್ತದೆ. ಎಷ್ಟೋ ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಆಕ್ಸೆಲ್ಲಿಗೂ ನಡುವೆ ಒಂದು ಸಣ್ಣ ಕಡ್ಡಿ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಲೋಡು ಹೇರಿದಾಗ ಚಾಸಿ ತಗ್ಗುತ್ತದೆ, ಕಡ್ಡಿ ವಾಲಿ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಹೋಗುತ್ತದೆ. ಹೆಚ್ಚುವರಿ ಪಟ್ಟಿ ಹಾಕಿದಾಗ ಲೋಡು ಇದ್ದರೂ ಚಾಸಿ ಅಷ್ಟು ತಗ್ಗುವುದಿಲ್ಲ. ಆ ವಾಲ್ವಿಗೆ ಗಾಡಿ ಖಾಲಿ ಇದೆ ಅಂತಲೇ ಲೆಕ್ಕ. ಹಿಂದೆ ಬ್ರೇಕ್ ಕಡಿಮೆಯಾಗುತ್ತದೆ. ಘಟ್ಟ ಇಳಿಯುವಾಗ ಇದರ ಅರ್ಥ ಏನು ಅಂತ ಡ್ರೈವರಿಗೆ ಹೇಳಬೇಕಿಲ್ಲ. ಹೊಸ ಚಾಸಿಗೆ ಕೂರಿಸುವಾಗ ಶೋರೂಮಿನವರು ಆ ಕಡ್ಡಿಯನ್ನು ಕಂಪನಿಯ ಎತ್ತರಕ್ಕೆ ಹೊಂದಿಸುತ್ತಾರೆ. ಆ ಹೊತ್ತಿಗೆ ಗಾಡಿಯಲ್ಲಿ ಕಂಪನಿಯ ಪಟ್ಟಿಯೇ ಇರಬೇಕು. ಎತ್ತರಿಸಿದ ಮುಂದಿನ ಸಸ್ಪೆನ್ಷನ್ನಿಗೂ ಇದೇ ಮಾತು, ಇಲ್ಲದಿದ್ದರೆ ಚಕ್ರದ ಅಲೈನ್‌ಮೆಂಟ್ ಕಂಪನಿಯ ಅಂಕಿಗೆ ಬರುವುದೇ ಇಲ್ಲ.

ಬಿಚ್ಚಿಟ್ಟ ಮೂಲ ಸಾಮಾನು ಎಲ್ಲಿದೆ ಅಂತ ಈಗಲೇ ಹುಡುಕಿ. ಶಿರಸಿಯ ಯಜಮಾನರ ಮೂಲ ಸ್ಪ್ರಿಂಗು, ಶಾಕ್‌ಅಬ್ಸಾರ್ಬರು ಅಟ್ಟದ ಮೇಲೆ ಅಡಿಕೆ ಚೀಲಗಳ ಹಿಂದೆ ಸಿಕ್ಕವು, ಪುಣ್ಯ. ಮಾರಿಬಿಟ್ಟಿದ್ದರೆ ಅದನ್ನು ಸರ್ವಿಸ್ ಅಡ್ವೈಸರಿಗೆ ಮೊದಲೇ ಹೇಳಿ. ಎಷ್ಟು ಇಂಚು ಎತ್ತರಿಸಿದೆ, ಯಾವ ಬಿಡಿಭಾಗ, ಎಷ್ಟು ಪಟ್ಟಿ ಅಂತ ಬರೆದು ಕೊಡಿ. ಹೆಚ್ಚಿನ ಕೂಲಿ ಕೇಳಿದರೆ ಅದು ನ್ಯಾಯವೇ.

ತೊಳೆದು, ಅಳೆದು, ಫೋಟೋ ತೆಗೆದು

ಕೊಡುವ ಎರಡು ದಿನ ಮೊದಲು ಅಡಿಭಾಗವನ್ನು ನೀರಿನ ಜೆಟ್ಟಿನಲ್ಲಿ ಚೆನ್ನಾಗಿ ತೊಳೆಸಿ. ಒಂದೊಂದು ಚಾಸಿಯೊಳಗಿನಿಂದ ಬುಟ್ಟಿಗಟ್ಟಲೆ ಕೆಮ್ಮಣ್ಣು ಇಳಿಯುತ್ತದೆ. ಹಿಂದಿನ ಬಾಡಿಯ ಕೆಳಗೆ ಅಡಿಕೆ ಸಿಪ್ಪೆ, ಇಲಿ ಕಟ್ಟಿದ ಗೂಡು ಸಹ ಸಿಗಬಹುದು. ಮೀನಿನ ಗಾಡಿಯಾದರೆ ಇದು ಮರ್ಯಾದೆಯ ಪ್ರಶ್ನೆ ಕೂಡ. ನಾಲ್ಕೈದು ದಿನ ಅದರಡಿಯಲ್ಲಿ ಮಲಗಿ ಕೆಲಸ ಮಾಡುವವರ ಮೂಗು ನೆನೆಸಿಕೊಳ್ಳಿ. ಗಾಡಿ ಒಣಗಿದ ಮೇಲೆ ಯಾವ ಕೋಟಿಂಗೂ ಹಾಕಬೇಡಿ.

ಆಮೇಲೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುಭಾಗದಿಂದ ಮೇಲಿನ ತಗಡಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದಿಯನ್ನು ಎಡಬಲ ಎರಡೂ ಕಡೆ, ಮೇಲೆ ಕೆಳಗೆ ಅಳೆಯಿರಿ. ನೇರ ರಸ್ತೆಯಲ್ಲಿ ಹೋಗುವಾಗ ಸ್ಟಿಯರಿಂಗ್ ಹೇಗೆ ನಿಲ್ಲುತ್ತದೆ ಅಂತ ಪಕ್ಕದಲ್ಲಿ ಕೂತವರಿಂದ ಫೋಟೋ ತೆಗೆಸಿ. ಬಾಗಿಲುಗಳನ್ನು ಒಂದೊಂದಾಗಿ ಹಾಕಿ ತೆಗೆದು ಸದ್ದು ಕೇಳುವಂತೆ ವಿಡಿಯೋ ಮಾಡಿಕೊಳ್ಳಿ, ಕ್ಯಾಬಿನ್ ಸ್ವಲ್ಪ ತಿರುಚಿ ಕೂತರೂ ಬಾಗಿಲು ಮೊದಲು ಹೇಳುತ್ತದೆ. ಇರುವ ಗೀರು, ತಗ್ಗು, ಕಿಲೋಮೀಟರ್ ರೀಡಿಂಗ್, ಉರಿಯುತ್ತಿರುವ ಎಚ್ಚರಿಕೆ ದೀಪಗಳು, ಎಲ್ಲದರ ಫೋಟೋ ಇರಲಿ.

ಕೊಡುವ ದಿನ

ಡೀಸೆಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇರಲಿ, ಟ್ಯಾಂಕನ್ನು ಇಳಿಸಲೇಬೇಕು, ತುಂಬಿದ ಟ್ಯಾಂಕು ಎಲ್ಲರಿಗೂ ಕಷ್ಟ. ಗಾಡಿಯೊಳಗಿನ ಹಗ್ಗ, ಜಾಕು, ತಾಡಪಾಲು, ಸೀಟಿನ ಹಿಂದಿನ ಕತ್ತಿ, ಬಿಲ್ಲು ಪುಸ್ತಕ, ಎಲ್ಲ ಇಳಿಸಿ. ಆರ್‌ಸಿಯ ಮೂಲ ಪ್ರತಿಯನ್ನು ಕೊಡಬೇಡಿ, ಜೆರಾಕ್ಸ್ ಕೊಡಿ.

ಜಾಬ್ ಕಾರ್ಡು ಬರೆಯುವಾಗ ಪಕ್ಕದಲ್ಲಿ ನಿಂತುಕೊಳ್ಳಿ. “ಚಾಸಿ ವರ್ಕ್” ಅಂತ ಎರಡೇ ಪದ ಬರೆದರೆ ಒಪ್ಪಬೇಡಿ. ಮಂಜೂರಾತಿಯ ನಂಬರು, ಬದಲಾಗುವ ಬಿಡಿಭಾಗ, ನೀವು ಬಿಚ್ಚಿ ತಂದಿರುವ ಸಾಮಾನು, ಗಾಡಿಯಲ್ಲಿ ಉಳಿದಿರುವ ಬೇರೆ ಕಂಪನಿಯ ಸಾಮಾನು, ಕೆಲಸದ ನಂತರ ಅಲೈನ್‌ಮೆಂಟ್ ಮಾಡಿ ಪ್ರಿಂಟ್ ಕೊಡುವುದು, ಇಷ್ಟೂ ಅದರಲ್ಲಿರಲಿ. ಕೆಲಸ ಮಾಡುವ ಮೆಕ್ಯಾನಿಕ್ಕನ್ನು ಐದು ನಿಮಿಷ ಕಂಡು ನಿಮ್ಮ ಪಟ್ಟಿಯ ಒಂದು ಪ್ರತಿ ಕೊಡಿ. “ಅಣ್ಣಾ, ಈ ಟೇಪು ಸುತ್ತಿದ ವೈರು ಮಾತ್ರ ನಂದು, ಉಳಿದದ್ದೆಲ್ಲ ಕಂಪನೀದು” ಅಂತ ತೋರಿಸಿ ಹೇಳಿದ ಒಂದು ಮಾತು ಅವರಿಗೆ ಅರ್ಧ ದಿನ ಉಳಿಸುತ್ತದೆ. ಕ್ಯಾಬಿನ್ ಎತ್ತಿದ ದಿನ ಒಮ್ಮೆ ಬಂದು ನೋಡಬಹುದೇ ಅಂತಲೂ ಕೇಳಿ. ನಾನು ಕೇಳಿದಾಗ ಒಪ್ಪಿದರು. ಖಾಲಿ ನಿಂತ ಹೊಸ ಚಾಸಿಯನ್ನು ಆವತ್ತು ನೋಡಿದ್ದರಿಂದಲೇ ಕಿಂಡಿಗಳು ಎಲ್ಲೆಲ್ಲಿವೆ ಅಂತ ನನಗೆ ಇವತ್ತಿಗೂ ನೆನಪಿದೆ.

ವಾಪಸ್ ತರುವಾಗ

ಬೆಳಗಿನ ಹೊತ್ತು ಹೋಗಿ. ಮಳೆ, ಕತ್ತಲೆಯಲ್ಲಿ ಗಾಡಿ ಪಡೆಯಬೇಡಿ. ಮೊದಲು ಚಾಸಿ ನಂಬರು ಕಾಗದದ ಜೊತೆ ಹೊಂದುತ್ತದೆಯೇ ನೋಡಿ. ನಿಮ್ಮ ಹಳೆಯ ಅಳತೆಗಳನ್ನು ಮತ್ತೆ ಹಿಡಿಯಿರಿ. ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿ ಎಡಬಲ ಸಮ ಇರಬೇಕು.

ಇಂಜಿನ್ ಚಾಲೂ ಇಟ್ಟು ಹೆಡ್‌ಲೈಟು, ಬ್ರೇಕು, ಇಂಡಿಕೇಟರು ಎಲ್ಲವನ್ನೂ ಒಟ್ಟಿಗೆ ಹಾಕಿ ಹಿಂದೆ ಹೋಗಿ ನೋಡಿ. ಇಂಡಿಕೇಟರಿನ ಜೊತೆ ಬೇರೆ ದೀಪವೂ ಮಿಣುಕಿದರೆ, ಅಥವಾ ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಮಂಕಾದರೆ ಅರ್ಥಿಂಗ್ ಸರಿ ಕೂತಿಲ್ಲ. ಹೊಸ ಚಾಸಿಯ ಬಣ್ಣದ ಮೇಲೆಯೇ ಅರ್ಥ್ ಪಟ್ಟಿ ಬಿಗಿದಾಗ ಹೀಗಾಗುತ್ತದೆ. ಆ ಬೋಲ್ಟಿನ ಕೆಳಗೆ ಲೋಹ ಕಾಣುವ ಹಾಗೆ ಬಣ್ಣ ಕೆರೆದು ಬಿಗಿದು, ಮೇಲೆ ಗ್ರೀಸು ಹಚ್ಚಲು ಹೇಳಿ. ಅಲ್ಲೇ ಮಾಡಿದರೆ ಹತ್ತು ನಿಮಿಷದ ಕೆಲಸ. ಬಿಟ್ಟುಬಿಟ್ಟರೆ ಮುಂದೆ ಸೆನ್ಸರ್, ಎಬಿಎಸ್ ದೀಪ ಅಂತ ಊರೆಲ್ಲ ಅಲೆಯಬೇಕಾಗುತ್ತದೆ.

ಬ್ರೇಕ್ ಪೆಡಲ್ ಗಟ್ಟಿ ಇರಬೇಕು, ಎರಡನೇ ಸಲ ಒತ್ತಿದಾಗ ಮೇಲೆ ಬಂದರೆ ಪೈಪಿನಲ್ಲಿ ಗಾಳಿ ಉಳಿದಿದೆ. ಹ್ಯಾಂಡ್‌ಬ್ರೇಕನ್ನು ಏರಿನಲ್ಲಿ ನಿಲ್ಲಿಸಿ ಪರೀಕ್ಷಿಸಿ. ಬ್ರೇಕ್ ಪೈಪು, ಡೀಸೆಲ್ ಪೈಪು ಸೈಲೆನ್ಸರಿಗಾಗಲಿ ಪ್ರೊಪೆಲ್ಲರ್ ಶಾಫ್ಟಿಗಾಗಲಿ ತಾಗುತ್ತಿಲ್ಲವೇ, ಎಲ್ಲ ಕ್ಲಿಪ್ಪಿನಲ್ಲಿ ಕೂತಿವೆಯೇ ಅಂತ ಲಿಫ್ಟಿನ ಮೇಲೆ ಹಾಕಿಸಿ ನೋಡಿ. ಯು ಬೋಲ್ಟು ಹೊಸದೇ ಅಂತ ಕಣ್ಣಾರೆ ನೋಡಿ, ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಬಳಸಬಾರದು. ಸ್ಪ್ರಿಂಗಿನ ಬುಷ್ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿಯಬೇಕು. ಎತ್ತಿ ತೂಗಾಡಿಸಿದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಇದನ್ನು ಹಾಗೇ ಮಾಡಿದ್ದೀರಾ ಅಂತ ಕೇಳಲು ಸಂಕೋಚ ಬೇಡ. ಸುತ್ತಿಬಳಸದೆ ಕೇಳಿದ ಪ್ರಶ್ನೆಗೆ ಒಳ್ಳೆಯ ಮೆಕ್ಯಾನಿಕ್ ಖುಷಿಯಿಂದ ಉತ್ತರ ಕೊಡುತ್ತಾನೆ.

ಮೊದಲ 1000 ಕಿಲೋಮೀಟರ್ ಹೊರೆ ಕಡಿಮೆ ಇರಲಿ. ಆಮೇಲೆ ಒಮ್ಮೆ ಒಯ್ದು ಎಲ್ಲ ಮುಖ್ಯ ಬೋಲ್ಟುಗಳನ್ನು ಮತ್ತೆ ಬಿಗಿಸಿ.

ಮತ್ತೆ ಜೋಡಿಸುವಾಗ

ಹೊಸ ಚಾಸಿಗೆ ವೆಲ್ಡಿಂಗ್ ಮಾಡಿಸಬೇಡಿ, ಡ್ರಿಲ್ ಹಾಕಿಸಬೇಡಿ. ವೆಲ್ಡಿಂಗ್ ಬಿಸಿಗೆ ಒಳಬದಿಯ ಬಣ್ಣ ಸುಟ್ಟು ಹೋಗುತ್ತದೆ, ನಿಮ್ಮ ಕಣ್ಣಿಗೆ ಕಾಣದ ಆ ಜಾಗದಿಂದಲೇ ತುಕ್ಕು ಶುರುವಾಗುತ್ತದೆ. ವಾರಂಟಿಯ ಮಾತಂತೂ ಅಲ್ಲಿಗೆ ಮುಗಿಯಿತು. ಏನು ಜೋಡಿಸುವುದಿದ್ದರೂ ಚಾಸಿಯಲ್ಲಿ ಕಂಪನಿಯೇ ಬಿಟ್ಟಿರುವ ತೂತುಗಳಿಗೆ ಬೋಲ್ಟಿನಲ್ಲಿ ಕೂರುವಂಥದ್ದು ಮಾತ್ರ, ಅದೂ ಕಾನೂನು ಒಪ್ಪುವಂಥದ್ದು. ವೈರನ್ನು ಈ ಸಲ ಕಂಪನಿಯ ಕಟ್ಟಿಗೆ ಸುತ್ತಬೇಡಿ. ಬೇರೆ ಕೊಳವೆಯಲ್ಲಿ, ಬೇರೆ ಫ್ಯೂಸಿನಲ್ಲಿ, ನಡುವೆ ಬಿಚ್ಚಬಹುದಾದ ಜೋಡಣೆ ಇಟ್ಟು ಒಯ್ಯಿರಿ.

ಶಿರಸಿಯ ಯಜಮಾನರು ಮುಂದಿನ ಗಾರ್ಡು, ಹೆಚ್ಚುವರಿ ಪಟ್ಟಿ ಎರಡನ್ನೂ ಬಿಟ್ಟರು. ಲೋಡು ಕಡಿಮೆ ಮಾಡಿ ಎರಡು ಟ್ರಿಪ್ ಹೋಗುತ್ತೇನೆ ಅಂದರು. ಔಷಧಿ ಡ್ರಮ್ಮಿನ ಕೆಳಗೆ ಅಂಚು ಎತ್ತರವಿರುವ ಪ್ಲಾಸ್ಟಿಕ್ ತಟ್ಟೆ ಇಟ್ಟು, ಅದರಿಂದ ಒಂದು ಪೈಪು ಬಾಡಿಯ ಹಿಂಬದಿಯಿಂದ ಹೊರಗೆ ಇಳಿಸಿದೆವು. ಮೀನಿನ ಗಾಡಿಗೂ ಇದೇ ಉಪಾಯ ಸಾಕು: ಐಸ್ ನೀರನ್ನು ಕ್ಯಾನಿನಲ್ಲಿ ಹಿಡಿಯಬೇಕು, ಚಾಸಿಯ ಮೇಲೂ ಬಿಡಬಾರದು, ರಸ್ತೆಯ ಮೇಲೂ ಬಿಡಬಾರದು. ಚಾಸಿಯ ಪೆಟ್ಟಿಗೆಯೊಳಗೆ ಮೇಣದ ಕೋಟಿಂಗ್ ಹೊಡೆಸುವ ಮೊದಲು ಅದರಿಂದ ವಾರಂಟಿಗೆ ತೊಂದರೆಯಿಲ್ಲ ಅಂತ ಕಂಪನಿಯಿಂದ ಬರೆಸಿಕೊಂಡೆವು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಒಣ ಬಿಸಿಲಿನಲ್ಲಿ ಹೊಡೆಸಿದೆವು, ಕಿಂಡಿಗಳು ಮುಚ್ಚದ ಹಾಗೆ ನೋಡಿಕೊಂಡು.

ದೀಪಾವಳಿ ಕಳೆದ ಮೇಲೆ ಮತ್ತೆ ಅದೇ ಅಂಗಳಕ್ಕೆ ಹೋಗಿದ್ದೆ. ಯಜಮಾನರು ಹಳೆಯ ಛತ್ರಿಯ ಒಂದು ಕಡ್ಡಿಯನ್ನು ತುದಿ ಬಗ್ಗಿಸಿ ಇಟ್ಟುಕೊಂಡಿದ್ದರು. ತಿಂಗಳಿಗೊಮ್ಮೆ ಚಾಸಿಯ ಕಿಂಡಿಗಳನ್ನು ಅದರಲ್ಲಿ ಚುಚ್ಚಿ ಬಿಡಿಸುತ್ತಾರಂತೆ. ನನ್ನೆದುರೇ ಹಿಂದಿನ ಎಡಗಡೆಯ ಕಿಂಡಿಗೆ ಕಡ್ಡಿ ತೂರಿಸಿ ತಿರುಗಿಸಿದರು. ಮೊದಲು ಬೆರಳಷ್ಟು ಕೆಮ್ಮಣ್ಣು, ಅದರ ಹಿಂದೆಯೇ ಒಂದು ಲೋಟ ಕೆಂಪು ನೀರು ಅಂಗಳದ ಮೇಲೆ ಸುರಿಯಿತು. ಪಕ್ಕದಲ್ಲಿದ್ದ ಸುತ್ತಿಗೆ ತೆಗೆದುಕೊಂಡು ನಾನು ಆ ಜಾಗಕ್ಕೆ ಬಡಿದೆ. ಟಣ್ ಅಂದಿತು.